ಮಾಮಲ್ಲಪುರದಲ್ಲಿ ಎರಡು ದಿನ

ಚೆನ್ನೈಗೆ ಬಂದು ಆರು ವರ್ಷವಾದರೂ ನಾವು ಮಾಮಲ್ಲಪುರವನ್ನು ನೋಡಿರಲಿಲ್ಲವೆಂದರೆ ಓದುಗರು ನಗಬಹುದು. ಊರಿಂದ ಬಂದ ನೆಂಟರೆಲ್ಲ ನಮ್ಮ ಮನೆಯಲ್ಲಿ ಸ್ನಾನ ಮುಗಿಸಿ, ಉಪ್ಪಿಟ್ಟು ತಿಂದು, ಅಲ್ಲಿಗೆ ಹೋಗಿಬಂದು ಅದನ್ನು ನಮಗೇ ವರ್ಣಿಸುತ್ತಿದ್ದರು. ‘೬೦ ಕಿಲೋಮೀಟರೂ ಇಲ್ಲ, ಎಲ್ಲಿ ಓಡಿಹೋಗುತ್ತದೆ’ ಎಂದು ನಾವು ಸುಮ್ಮನಿದ್ದೆವು. ಕಡೆಗೆ ಕಳೆದ ಮಾಘದಲ್ಲಿ ಒಂದು ಶನಿವಾರ, ಕಚೇರಿಯ ಕಡತಗಳಿಗೆ ಎರಡು ದಿನದ ವಿಶ್ರಾಂತಿ ಕೊಟ್ಟು, ರೊಟ್ಟಿ, ಶೇಂಗಾಚಟ್ನಿ, ಮೊಸರನ್ನದ ಬುತ್ತಿ ಕಟ್ಟಿಕೊಂಡು, ನಾಲ್ಕು ವರ್ಷದ ಪುಟ್ಟಿಯೊಡನೆ ಬಸ್ಸು ಹತ್ತಿದೆವು.

ಪುಟ್ಟಿಯ ವಿಷಯ ಒಂದು ಮಾತು ಹೇಳಬೇಕು. ಹೋದ ದೀಪಾವಳಿಗೆ ಬಾಗಲಕೋಟೆ ಜಿಲ್ಲೆಯ ನಮ್ಮ ಹಳ್ಳಿಗೆ ಹೋಗಿದ್ದಾಗ ಅವಳ ಅಜ್ಜಿ, “ಹಸಿವಾಗೇತೇನವ್ವಾ?” ಎಂದು ಕೇಳಿದರು. ಇವಳು ಆಟದ ಭರದಲ್ಲಿ, “ಪಸಿಕ್ಕಲೆ” ಎಂದಳು. ಅಜ್ಜಿ ನಮ್ಮತ್ತ ತಿರುಗಿ, “ಕೂಸು ಏನಂತು?” ಎಂದರು. ಮೊಮ್ಮಗಳ ಮಾತನ್ನು ಅಜ್ಜಿಗೆ ಬಿಡಿಸಿ ಹೇಳಬೇಕಾಗಿ ಬಂದ ಆ ಗಳಿಗೆಯಲ್ಲಿ ನಮ್ಮ ಮುಖ ಸಣ್ಣದಾಯಿತು. ಅಂದಿನಿಂದ ಮನೆಯಲ್ಲಿ ಕಾನೂನು ಜಾರಿಯಾಯಿತು: ಒಂದು ತಮಿಳು ಮಾತಿಗೆ ಒಂದು ಪೆಪ್ಪರಮಿಂಟು ಕಡಿತ. ಸರ್ಕಾರಿ ಗುಮಾಸ್ತರಿಗೆ ಇದಕ್ಕಿಂತ ಒಳ್ಳೆಯ ಉಪಾಯ ಹೊಳೆಯುವುದು ಕಷ್ಟ.

ದಾರಿಯಲ್ಲಿ ಮೊದಲು ಇಳಿದದ್ದು ಮೊಸಳೆ ಬ್ಯಾಂಕಿನಲ್ಲಿ. ಚರ್ಮದಾಸೆಗೆ ಬೇಟೆಯಾಡಿ ನಮ್ಮ ದೇಶದ ಮೊಸಳೆಗಳು ಮುಗಿಯುತ್ತ ಬಂದಿದ್ದಾಗ, ಅವುಗಳನ್ನು ಸಾಕಿ ಮರಿಮಾಡಿಸಿ ಉಳಿಸಲೆಂದು ರಾಮ್ಯುಲಸ್ ವಿಟೇಕರ್ ಮತ್ತು ಜೊತೆಗಾರರು ೧೯೭೬ರಲ್ಲಿ ಇದನ್ನು ತೆರೆದರು. ಇಟ್ಟದ್ದು ಬೆಳೆಯುವ ಜಾಗವಾದ್ದರಿಂದ ಬ್ಯಾಂಕೆಂಬ ಹೆಸರು ಸರಿಯಾಗಿಯೇ ಇದೆ. ಬಾಯಿ ತೆರೆದುಕೊಂಡು ಒಂದರ ಮೇಲೊಂದು ಬಿದ್ದಿದ್ದ ಮೊಸಳೆಗಳನ್ನು ಪುಟ್ಟಿ ಬಹಳ ಹೊತ್ತು ನೋಡಿ, “ಇವು ಕಲ್ಲು” ಎಂದು ತೀರ್ಪು ಕೊಟ್ಟಳು. ಅಷ್ಟರಲ್ಲಿ ಒಂದು ಕಲ್ಲು ನೀರಿಗೆ ಜಾರಿತು. ಆಮೇಲೆ ಅವಳು ನಮ್ಮ ಹೆಗಲಿನಿಂದ ಇಳಿಯಲಿಲ್ಲ.

ಸಂಜೆ ಮಾಮಲ್ಲಪುರದ ಮರಳಿನಲ್ಲಿ ಕುಳಿತೆವು. ಅಲ್ಲಿ ಸೆಳೆತ ಜೋರು, ಈಜಿಗೆ ತಕ್ಕ ಜಾಗವಲ್ಲ. ಕಾಲು ತೋಯಿಸಿಕೊಂಡು ಹಿಂದೆ ಸರಿದೆವು. “ಕಡಲ್!” ಎಂದು ಪುಟ್ಟಿ ಕೂಗಿದಳು. “ಕಡಲು ಅನ್ನಬೇಕವ್ವಾ” ಎಂದು ತಿದ್ದಿದೆವು. ಒಂದು ಉಕಾರದ ತಪ್ಪಿಗೆ ಅಂದಿನ ಪೆಪ್ಪರಮಿಂಟು ಹೋಯಿತು.

ಭಾನುವಾರ ಬೆಳಿಗ್ಗೆ ಮೊದಲು ಹೋದದ್ದು ‘ಅರ್ಜುನನ ತಪಸ್ಸಿ’ನ ಬಂಡೆಗೆ. ಎರಡು ಹೆಬ್ಬಂಡೆಗಳ ಮೈತುಂಬ ದೇವತೆಗಳು, ಬೇಡರು, ಜಿಂಕೆ, ಕೋತಿ. ನಡುವಿನ ಬಿರುಕಿನಲ್ಲಿ ನಾಗರು ಮೇಲೇರುತ್ತಾರೆ. ಒಂಟಿಕಾಲಲ್ಲಿ ನಿಂತು ಬಡಕಲಾದ ತಪಸ್ವಿ ಅರ್ಜುನನೋ, ಗಂಗೆಯನ್ನು ಇಳಿಸಿದ ಭಗೀರಥನೋ ಎಂಬ ವಾದ ಪಂಡಿತರಲ್ಲಿ ಇನ್ನೂ ತೀರಿಲ್ಲ. ಪುಟ್ಟಿಗೆ ಆ ಚಿಂತೆ ಇರಲಿಲ್ಲ. ದೊಡ್ಡಾನೆಯ ಹೊಟ್ಟೆಯಡಿ ಮರಿಗಳು, ಆನೆಯ ದಂತದ ಬಳಿ ಮುಂಗಾಲೆತ್ತಿ ತಪಸ್ಸಿಗೆ ನಿಂತ ಬೆಕ್ಕು, ಅದನ್ನು ನಂಬಿ ಸುತ್ತ ಸೇರಿದ ಇಲಿಗಳು — ಅವಳಿಗೆ ಅಷ್ಟು ಸಾಕು. (ಇಂಥ ತಪಸ್ವಿಗಳನ್ನು ನಾವು ಹತ್ತರಿಂದ ಐದರವರೆಗೆ ದಿನವೂ ನೋಡುತ್ತೇವೆ, ಆದರೂ ಕಲ್ಲಿನ ಬೆಕ್ಕು ಹೆಚ್ಚು ಸಜ್ಜನ.)

ಆಗ ಶಾಲಾಮಕ್ಕಳ ದೊಡ್ಡ ತಂಡವೊಂದು ಬಂದು ನಮ್ಮ ನಡುವೆ ಹಾಯಿತು. ತಂಡ ಹೋದ ಮೇಲೆ ನೋಡಿದರೆ ಪುಟ್ಟಿ ಇಲ್ಲ. ನಾವಿಬ್ಬರೂ ಅವಳು ಇನ್ನೊಬ್ಬರ ಕೈಯಲ್ಲಿದ್ದಾಳೆಂದು ನಂಬಿದ್ದೆವು.

ಆ ಕಾಲುಗಂಟೆಯನ್ನು ಬರೆಯಲು ಕೈ ಬರುವುದಿಲ್ಲ. ಗುಡ್ಡದ ಇಳಿಜಾರಿನಲ್ಲಿ ಈಗಲೋ ಆಗಲೋ ಉರುಳುವಂತೆ ನಿಂತ ‘ಕೃಷ್ಣನ ಬೆಣ್ಣೆಯುಂಡೆ’ಯ ತನಕ ಓಡಿದೆವು, ಬಸ್‌ನಿಲ್ದಾಣದ ತನಕ ಓಡಿದೆವು. ಕಡಲು ಅಲ್ಲಿಂದ ದೂರವಿಲ್ಲ; ಅದರ ಮೊರೆತ ನಿನ್ನೆ ಸಂಗೀತದಂತಿತ್ತು, ಈಗ ಕೇಳಲಾಗಲಿಲ್ಲ. ಒಬ್ಬರನ್ನೊಬ್ಬರು ಬೈಯುವುದಕ್ಕೂ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಹತ್ತು ವರ್ಷದ ಹುಡುಗನೊಬ್ಬ ಬಂದು ನಮ್ಮಾಕೆಯ ಹಸಿರು ಸೀರೆಯನ್ನು ದಿಟ್ಟಿಸಿ ನೋಡಿ, ಬನ್ನಿರೆಂದು ಕೈಬೀಸಿದ. ಹಿಂದೆಯೇ ಹೋದೆವು. ಕಪ್ಪೆಚಿಪ್ಪು, ಶಂಖ ಮಾರುವ ಮುದುಕಿಯೊಬ್ಬರ ಮುಂದೆ ಮಣೆಯ ಮೇಲೆ ಪುಟ್ಟಿ ಕುಳಿತು ಚಿಪ್ಪು ಎಣಿಸುತ್ತಿದ್ದಳು. ಅವಳಾಗಿಯೇ ಬಂದು, “ಅಮ್ಮಾವೂ ಅಪ್ಪಾವೂ ಕಾಣೋಂ” ಎಂದಳಂತೆ. ಅಂದರೆ ಕಾಣೆಯಾದವರು ನಾವು! ಅಮ್ಮನದು ಹಸಿರು ಸೀರೆ, ಇಬ್ಬರೂ ಬೆಕ್ಕಿನ ಹತ್ತಿರ ಇದ್ದರು ಎಂದು ಗುರುತನ್ನೂ ಹೇಳಿದಳಂತೆ, ಎಲ್ಲವನ್ನೂ ತಮಿಳಿನಲ್ಲಿ. ಮುದುಕಿ ಮೊಮ್ಮಗನನ್ನು ಬೆಕ್ಕಿನ ಬಳಿಗೆ ಓಡಿಸಿದ್ದರು. ಆಮೇಲೆ ನಮ್ಮಿಬ್ಬರನ್ನೂ ನಿಲ್ಲಿಸಿ ಚೆನ್ನಾಗಿ ಬೈದರು. ತಲೆತಗ್ಗಿಸಿ ಕೇಳಿಕೊಂಡೆವು. ದುಡ್ಡು ಕೊಡಹೋದರೆ ಮುಟ್ಟಲಿಲ್ಲ. ಚಿಪ್ಪಿನ ಸರವೊಂದನ್ನು ಕೊಂಡಾಗ ಅದರ ಬೆಲೆಯನ್ನಷ್ಟೇ ತೆಗೆದುಕೊಂಡರು. ನಮ್ಮಾಕೆ ಚೀಲದಿಂದ ಪೆಪ್ಪರಮಿಂಟಿನ ಪೊಟ್ಟಣವನ್ನೇ ತೆಗೆದು ಪುಟ್ಟಿಯ ಕೈಗಿತ್ತು ಮುಖ ತಿರುಗಿಸಿಕೊಂಡರು.

ಪಂಚರಥಗಳನ್ನು ಅವಳ ಎರಡು ಕೈಗಳನ್ನೂ ಹಿಡಿದೇ ನೋಡಿದೆವು. ಒಂದೊಂದೂ ಒಂದೇ ಬಂಡೆಯಲ್ಲಿ ಕಡೆದದ್ದು ಎಂಬುದಕ್ಕಿಂತ ಹೆಚ್ಚು ತಲೆಗೆ ಹೋಗಲಿಲ್ಲ. ಮಧ್ಯಾಹ್ನ ಕಡಲತಡಿಯ ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚದೆ ಸುಮ್ಮನೆ ಕುಳಿತಾಗ ಮನಸ್ಸು ನೆಲೆಗೆ ಬಂತು. ಇದನ್ನು ಕಟ್ಟಿಸಿದವನು ಪಲ್ಲವ ರಾಜಸಿಂಹ. ಕಲ್ಲುಗಳ ಮೂಗುಬಾಯಿಗಳನ್ನು ಉಪ್ಪುಗಾಳಿ ಸವೆಸಿದೆ. ೨೦೦೪ರ ಡಿಸೆಂಬರ್ ೨೬ರ ಸುನಾಮಿಗೂ ಗುಡಿ ನಿಂತಿತು. ಮರಳಿನಡಿಯ ಕೆತ್ತನೆಯ ಬಂಡೆಗಳು ಆಗ ಹೊರಬಿದ್ದವು.

ಈ ಊರಿಗೆ ಹೆಸರು ಕೊಟ್ಟ ಮಾಮಲ್ಲ, ಅಂದರೆ ಮೊದಲನೆಯ ನರಸಿಂಹವರ್ಮ, ೬೪೨ರಲ್ಲಿ ನಮ್ಮ ಬಾದಾಮಿಯನ್ನು ಗೆದ್ದವನು. ಅಲ್ಲಿನ ಬಂಡೆಯ ಮೇಲೆ ಅವನ ಮುರುಕು ಶಾಸನ ಈಗಲೂ ಇದೆ. ಮುಂದಿನ ಶತಮಾನದಲ್ಲಿ ನಮ್ಮ ಎರಡನೆಯ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ; ಆದರೆ ಅದೇ ರಾಜಸಿಂಹ ಕಟ್ಟಿಸಿದ ಕೈಲಾಸನಾಥನ ಗುಡಿಯ ಐಶ್ವರ್ಯವನ್ನು ದೇವರಿಗೇ ಬಿಟ್ಟು, ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಹಾಗೆಂದು ಕೆತ್ತಿಸಿದ. ಕಂಚಿಯ ಜನ ಅದನ್ನು ಕೆತ್ತಿ ತೆಗೆಯಲಿಲ್ಲ. ಬಿ.ಎ. ಓದುವಾಗ ಇದು ಐದು ಅಂಕದ ಪ್ರಶ್ನೆಯಾಗಿತ್ತು.

ಬಸ್ಸು ಹತ್ತುವ ಮೊದಲು ಊರಿಗೆ ಫೋನು ಮಾಡಿದೆವು. ಪುಟ್ಟಿ ಕಳೆದುಹೋದದ್ದನ್ನು ಹೇಳಲಿಲ್ಲ; ಅವಳೇ ಹೇಳಿಬಿಟ್ಟಳು, ಅರ್ಧ ಆ ಭಾಷೆ, ಅರ್ಧ ಈ ಭಾಷೆಯಲ್ಲಿ. ಅಜ್ಜಿಗೆ ಎಷ್ಟು ತಿಳಿಯಿತೋ, ನಡುವೆ ಬಾಯಿ ಹಾಕಲು ನಮಗೆ ಮನಸ್ಸಾಗಲಿಲ್ಲ. ಕಡಲನ್ನೇ ಕಾಣದ ಅಜ್ಜಿ ಕೊನೆಗೆ, “ಅದು ಎಷ್ಟು ದೊಡ್ಡದೈತವ್ವಾ?” ಎಂದು ಕೇಳಿದರು.

ಪುಟ್ಟಿ ಫೋನನ್ನು ನಮ್ಮ ಕೈಗೆ ಕೊಟ್ಟು, ಎರಡು ತೋಳನ್ನೂ ಅಗಲಿಸಿ, “ಇಷ್ಟು!” ಎಂದು ಅದಕ್ಕೇ ತೋರಿಸಿದಳು.