ಕೌದಿ ಕಟ್ಟಿದ ಕೋಣೆ

ತಿಕೋಟಾದಿಂದ ವಿಜಯಪುರಕ್ಕೆ ಹೊರಡುವ ಬೆಳಗಿನ ಬಸ್ಸೆಂದರೆ ಕಾಲೇಜು ಹುಡುಗರ ಬಸ್ಸು. ಪಿಯುಸಿ ಎರಡನೇ ವರ್ಷದವರ ತೊಡೆಯ ಮೇಲೆ ಸಿಇಟಿ ಪುಸ್ತಕ ಇರುವುದು ವಾಡಿಕೆ. ಹಿಂದಿನ ಸೀಟಿನಲ್ಲಿ ಕೂರುವ ಒಬ್ಬ ಹುಡುಗನ ತೊಡೆಯ ಮೇಲೆ ಮಾತ್ರ ನೂರು ಪುಟದ ಒಂದು ನೋಟುಬುಕ್ಕು. ಅದರ ತುಂಬ ಸ್ಕೇಲು ಹಿಡಿದು ಗೆರೆ ಎಳೆದ ಕೋಷ್ಟಕಗಳು. ಒಂದು ಅಂಕಣದಲ್ಲಿ ಹೆಸರು, ಇನ್ನೊಂದರಲ್ಲಿ ಬೆಲೆ, ಮೂರನೆಯದರಲ್ಲಿ ಗುಣದೋಷ. ಅಡಾಸಿಟಿ, ರೀಪರ್, ಎಫ್‌ಎಲ್ ಸ್ಟುಡಿಯೋ, ಕ್ಯೂಬೇಸ್, ಏಬಲ್‌ಟನ್ ಲೈವ್, ಪ್ರೊ ಟೂಲ್ಸ್. ಮನೆಯಲ್ಲೇ ಕುಳಿತು ಹಾಡು ಮುದ್ರಿಸಿ, ವಾದ್ಯ ಕೂಡಿಸಿ, ತಿದ್ದಿ ತೀಡುವ ಕಂಪ್ಯೂಟರ್ ತಂತ್ರಾಂಶಗಳ ಪಟ್ಟಿ ಅದು.

ಹುಡುಗನಿಗೆ ಹಾಡಿನ ಹುಚ್ಚು ಹೊಸದೇನಲ್ಲ. ಮನೆಯಲ್ಲಿ ಅಜ್ಜನ ಕಾಲದ ಹಾರ್ಮೋನಿಯಂ ಇತ್ತು. ಶ್ರಾವಣದ ಭಜನೆಯಲ್ಲಿ ತಾಳ ಬಡಿಯುತ್ತ ಬೆಳೆದವನು. ಒಣದ್ರಾಕ್ಷಿಗೆ ಒಳ್ಳೆಯ ಬೆಲೆ ಬಂದ ವರ್ಷ ಅಪ್ಪ ಓದಿಗೆಂದು ಲ್ಯಾಪ್‌ಟಾಪ್ ತಂದುಕೊಟ್ಟ. ಅದರಲ್ಲಿ ಭೌತಶಾಸ್ತ್ರಕ್ಕಿಂತ ಸಂಗೀತವೇ ಹೆಚ್ಚು ಹೊತ್ತು ಕೂತಿತು. ಒಂದು ದಿನ ನೋಟುಬುಕ್ಕು ಅಪ್ಪನ ಕೈಗೆ ಸಿಕ್ಕಿತು.

‘ಇದಕ್ಕೆಲ್ಲ ರೊಕ್ಕ ಎಷ್ಟ ಆಕ್ಕೈತಿ?’

ಹುಡುಗ ಎಲ್ಲಕ್ಕಿಂತ ದುಬಾರಿಯದರ ಬೆಲೆ ಹೇಳಿದ.

‘ಸಾಲಿ ಕಲಿಯಾಕ ತಂದ ಮಷೀನು ಅದು. ಹಾಡಿಕಿ ಹೊಟ್ಟಿಗಿ ಹಿಟ್ಟ ಕೊಡತೈತೇನು?’

ಮಾತು ಅಲ್ಲಿಗೇ ನಿಂತಿತು. ಇಂಥ ಮಾತು ಇಂದು ಎಷ್ಟೋ ಮನೆಗಳಲ್ಲಿ ಅಲ್ಲಿಗೇ ನಿಲ್ಲುತ್ತದೆ. ಅಪ್ಪನದು ತಪ್ಪೆನ್ನುವಂತಿಲ್ಲ; ದ್ರಾಕ್ಷಿ ಬೆಳೆಯುವವನಿಗೆ ಒಂದು ಅಕಾಲಿಕ ಮಳೆ ಎಂದರೆ ಏನೆಂದು ಗೊತ್ತು. ಮಗನದೂ ತಪ್ಪೆನ್ನುವಂತಿಲ್ಲ.

ಆ ಬಸ್ಸು ದಿನವೂ ತೊರವಿಯನ್ನು ಹಾದುಹೋಗುತ್ತದೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇಲ್ಲಿಯೇ ನವರಸಪುರ ಎಂಬ ಹೊಸ ಪಟ್ಟಣ ಕಟ್ಟಿಸಲು ಹೊರಟಿದ್ದ. ಸಂಗೀತದಲ್ಲಿ ಅವನಿಗೆ ಎಷ್ಟು ಪ್ರೀತಿಯೆಂದರೆ ತನ್ನ ತಂಬೂರಿಗೆ ‘ಮೋತಿ ಖಾನ್’ ಎಂದು ಹೆಸರಿಟ್ಟಿದ್ದ. ಅವನು ರಚಿಸಿದ ‘ಕಿತಾಬ್-ಎ-ನವರಸ್’ ಇಂದಿಗೂ ಇದೆ. ಯಾವ ಹಾಡು ಯಾವ ರಾಗದ್ದೆಂಬುದೂ ಅದರಲ್ಲಿದೆ. ಇಲ್ಲದ್ದೆಂದರೆ ಹಾಡಿದವರ ದನಿ. ಅಕ್ಷರ ಉಳಿಯಿತು, ದನಿ ಹೋಯಿತು. ಸುಲ್ತಾನನಿಗೆ ದಕ್ಕದ ಭಾಗ್ಯ ಇಂದು ಹಳ್ಳಿಯ ಹುಡುಗನ ಕೈಯಲ್ಲಿದೆ. ಆದರೆ ಕೈಯಲ್ಲಿದ್ದದ್ದನ್ನೂ ಕಳೆದುಕೊಳ್ಳಲು ಎಷ್ಟು ಹೊತ್ತು ಬೇಕು?

ಹುಡುಗನ ಅವ್ವನ ತವರು ಬಬಲೇಶ್ವರ. ಯುಗಾದಿಗೆ ಹೋದಾಗ ಆಯಿ ಬೀಸುಕಲ್ಲಿನ ಮುಂದೆ ಕುಳಿತು ಒಂದು ಉದ್ದನೆಯ ಪದ ಹಾಡಿದ್ದಳು. ಎಂಬತ್ತು ದಾಟಿದ ಮುದುಕಿ. ಹುಡುಗ ಅದನ್ನು ಮೊಬೈಲಿನಲ್ಲಿ ಹಿಡಿದುಕೊಂಡು ಬಂದ. ಮೊಬೈಲಿನಲ್ಲಿ ಜಾಗ ಸಾಲದೆಂದು ಲ್ಯಾಪ್‌ಟಾಪಿಗೆ ಹಾಕಿ, ಮೊಬೈಲಿನದನ್ನು ಅಳಿಸಿದ. ಈ ಹಾಡಿಗೆ ತಂಬೂರಿ ಶ್ರುತಿ ಕೊಡಬೇಕು, ದಿಮ್ಮಿನ ತಾಳ ಕೂಡಿಸಬೇಕು ಎಂಬುದು ಆಸೆ. ಅದಕ್ಕೆ ತಕ್ಕ ತಂತ್ರಾಂಶ ಯಾವುದು? ಹುಡುಕಾಟದಲ್ಲೇ ಮೂರು ತಿಂಗಳು ಹೋಯಿತು.

ಕೊನೆಗೆ ಪಟ್ಟಣದ ಒಂದು ಅಂಗಡಿಯಲ್ಲಿ ಹತ್ತಾರು ಸಾವಿರದ ತಂತ್ರಾಂಶವನ್ನು ಪೆನ್‌ಡ್ರೈವಿಗೆ ತುಂಬಿಕೊಟ್ಟರು. ಬೀಗ ಮುರಿದ ಕಳ್ಳ ಪ್ರತಿ. ಅದನ್ನು ಹಾಕುವಾಗ ‘ವೈರಸ್ ತಡೆಯುವ ಕಾವಲು ತೆಗೆದುಬಿಡಿ’ ಎಂಬ ಸೂಚನೆ ಬೇರೆ! ಹುಡುಗ ತೆಗೆದ. ಮಾರನೆಯ ದಿನ ಯಂತ್ರದಲ್ಲಿದ್ದ ಫೋಟೋ, ನೋಟ್ಸು, ಹಾಡು ಯಾವುದೂ ತೆರೆಯಲಿಲ್ಲ. ಹಣ ಕೊಟ್ಟರೆ ಬಿಡಿಸಿಕೊಡುತ್ತೇವೆ ಎಂಬ ಒಂದು ಚೀಟಿ ಮಾತ್ರ ಪರದೆಯ ಮೇಲೆ. ಕಳ್ಳನ ಮನೆಯಿಂದ ತಂದ ಬೀಗದ ಕೈ ಕಳ್ಳನ ಕೈಯಲ್ಲೂ ಒಂದು ಇರುತ್ತದೆ ಎಂಬುದು ಆಗ ತಿಳಿಯಿತು.

ಅಪ್ಪ ಬೈಯಲಿಲ್ಲ. ‘ಅತ್ತಿಯವರ ಹಾಡು ಅದರಾಗ ಇತ್ತೇನು?’ ಎಂದಷ್ಟೇ ಕೇಳಿದ. ಅವ್ವ ಏನೂ ಕೇಳದೆ ಅಡುಗೆಮನೆಗೆ ಹೋದಳು. ಬೈದಿದ್ದರೇ ಚೆನ್ನಾಗಿತ್ತು ಎನಿಸಿತು ಹುಡುಗನಿಗೆ.

ಬಬಲೇಶ್ವರದಲ್ಲಿ ಹುಡುಗನ ಸೋದರಮಾವ ಮದುವೆ, ಜಾತ್ರೆಗಳಿಗೆ ಧ್ವನಿವರ್ಧಕ ಬಾಡಿಗೆಗೆ ಕೊಡುತ್ತಾನೆ. ಮೂವತ್ತು ವರ್ಷ ಮೈಕು ಹಿಡಿದ ಕೈ. ಅಳಿಯನ ನೋಟುಬುಕ್ಕನ್ನು ಪೂರ್ತಿ ನೋಡಿ ಅವನು ಹೇಳಿದ್ದು ಇಷ್ಟೇ: ‘ಅಳಿಯಾ, ಎಂಥಾ ಒಲಿ ತಂದ್ರೂ ಹಿಟ್ಟಿಗಿ ಜಿಗಿ ಇಲ್ಲಂದ್ರ ರೊಟ್ಟಿ ಹರೀತೈತಿ. ನೀ ಒಲಿ ಪಟ್ಟಿ ಮಾಡಿ. ಹಿಟ್ಟೆಲ್ಲೈತಿ?’

ಈ ಮಾತಿನ ಹಿಂದೆ ವಿಜ್ಞಾನವಿದೆ. ದನಿ ಎಂದರೆ ಗಾಳಿಯ ಅಲೆ. ಮೈಕು ಅದನ್ನು ವಿದ್ಯುತ್ತಿನ ಏರಿಳಿತವಾಗಿಸುತ್ತದೆ. ಕಂಪ್ಯೂಟರ್ ಆ ಏರಿಳಿತವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತದೆ. ಮನುಷ್ಯನ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅದನ್ನು ನಿಷ್ಠೆಯಿಂದ ಹಿಡಿಯಲು ಎರಡರಷ್ಟಕ್ಕಿಂತ ಹೆಚ್ಚು ಸಲ ಅಳೆಯಬೇಕು. ಸಿ.ಡಿ.ಗೆ ನಿಗದಿಯಾದ ಸಂಖ್ಯೆ ಇದೇ. ಪುಕ್ಕಟೆಯ ತಂತ್ರಾಂಶವೂ ಲಕ್ಷದ ಸ್ಟುಡಿಯೋದ ತಂತ್ರಾಂಶವೂ ಮೈಕಿನ ಕಡೆಯಿಂದ ಬಂದ ಅಂಕಿಗಳನ್ನು ಬರೆದುಕೊಳ್ಳುವುದರಲ್ಲಿ ಒಂದೇ. ಬೆಲೆಯ ವ್ಯತ್ಯಾಸವೆಲ್ಲ ಆಮೇಲಿನ ಸೌಕರ್ಯದಲ್ಲಿ.

ಹಾಗಾದರೆ ಆರಿಸುವುದು ಹೇಗೆ? ಮಾವ, ಅಳಿಯ ಸೇರಿ ನಾಲ್ಕು ಪ್ರಶ್ನೆ ಹಾಕಿಕೊಂಡರು. ಮುದ್ರಿಸುವುದು ಬಾಯಿಹಾಡೋ, ಕಂಪ್ಯೂಟರಿನಲ್ಲೇ ಹುಟ್ಟಿಸುವ ವಾದ್ಯವೋ? ಇರುವ ಯಂತ್ರ ಅದನ್ನು ಹೊರುತ್ತದೆಯೇ? ಪ್ರಾಮಾಣಿಕವಾಗಿ ಕೊಡಬಹುದಾದ ಬೆಲೆ ಎಷ್ಟು? ಹತ್ತು ವರ್ಷದ ಮೇಲೆ ಹಾಡು ತೆರೆಯುತ್ತದೆಯೇ?

ಪ್ರಶ್ನೆ ಸರಿಯಾದರೆ ಪಟ್ಟಿ ತಾನೇ ಸಣ್ಣದಾಗುತ್ತದೆ. ಗ್ಯಾರೇಜ್‌ಬ್ಯಾಂಡ್ ಆ್ಯಪಲ್ ಯಂತ್ರಗಳಿಗೆ ಮಾತ್ರ, ಅದು ಹೋಯಿತು. ಎಲ್‌ಎಂಎಂಎಸ್ ಉಚಿತ, ಆದರೆ ಅದು ಮುಖ್ಯವಾಗಿ ತಾಳ-ವಾದ್ಯ ಹೆಣೆಯುವವರಿಗೆ. ಎಫ್‌ಎಲ್ ಸ್ಟುಡಿಯೋ 1997ರಿಂದ ಇರುವ ಹೆಸರುವಾಸಿ. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳು ಉಚಿತ. ಆದರೆ ಕೊಳ್ಳದೆ ಪರೀಕ್ಷಿಸುವವರು ಉಳಿಸಿಟ್ಟ ಕೆಲಸವನ್ನು ಮತ್ತೆ ತೆರೆಯಲಾಗದು. ರೀಪರನ್ನು 60 ದಿನ ಪೂರ್ಣರೂಪದಲ್ಲಿ ಪರೀಕ್ಷಿಸಬಹುದು. ಆಮೇಲೆ ಮನೆಬಳಕೆಯವರಿಗೆ 60 ಡಾಲರ್, ಅಂದರೆ 5,000 ರೂಪಾಯಿಗೆ ಸ್ವಲ್ಪ ಮೇಲೆ. ಗಡುವು ಮುಗಿದರೂ ಅದು ಬೀಗ ಹಾಕಿಕೊಳ್ಳುವುದಿಲ್ಲ, ಕೊಂಡುಕೊಳ್ಳಿ ಎಂದು ನೆನಪಿಸುತ್ತದೆ ಅಷ್ಟೇ. ಕೊಡುವುದು ಬಳಸುವವನ ಮರ್ಯಾದೆಗೆ ಬಿಟ್ಟದ್ದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1999ರಲ್ಲಿ ಶುರುವಾದ ಅಡಾಸಿಟಿ ಯಾರು ಬೇಕಾದರೂ ನ್ಯಾಯವಾಗಿ, ಪುಕ್ಕಟೆಯಾಗಿ ಬಳಸಬಹುದಾದದ್ದು. ಹಳೆಯ ಲ್ಯಾಪ್‌ಟಾಪಿಗೂ ಭಾರವಲ್ಲ. ಬಾಯಿಹಾಡು ಹಿಡಿದು, ಕತ್ತರಿಸಿ, ಎರಡು ಮೂರು ಪದರ ಜೋಡಿಸಲು ಬೇಕಾದಷ್ಟಾಯಿತು.

ಇನ್ನೊಂದು ತೊಡಕು ಹಾಡಿ ನೋಡಿದಾಗ ಗೊತ್ತಾಯಿತು. ತನ್ನ ದನಿಯನ್ನೇ ಕಂಪ್ಯೂಟರಿನ ಮೂಲಕ ಕಿವಿಗೆ ಕೇಳಿಸಿಕೊಂಡು ಹಾಡಹೊರಟರೆ ತಾಳ ತಪ್ಪುತ್ತಿತ್ತು. ಯಂತ್ರ ಅಂಕಿಗಳನ್ನು ಒಂದೊಂದಾಗಿ ಅಲ್ಲ, ಬುಟ್ಟಿಬುಟ್ಟಿಯಾಗಿ ಸಾಗಿಸುತ್ತದೆ. ಬುಟ್ಟಿಗೆ 1,024 ಅಂಕಿಯಾದರೆ ತುಂಬಲು 23 ಮಿಲಿಸೆಕೆಂಡು. ಅಷ್ಟರಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 8 ಮೀಟರ್ ಹೋಗುತ್ತದೆ. ಅಂದರೆ ತಬಲಾದವನನ್ನು ಬೀದಿಯ ಆಚೆ ಕೂರಿಸಿ ಈಚೆ ಹಾಡಿದಂತೆ! ಹೋಗಿಬರುವ ಲೆಕ್ಕ ಹಿಡಿದರೆ ಇನ್ನೂ ದೂರ. ಬುಟ್ಟಿಯನ್ನು 256ಕ್ಕೆ ಇಳಿಸಿದಾಗ 2 ಮೀಟರಿಗೆ ಬಂತು. ಪಠ್ಯದ ಅಲೆಗಳ ಪಾಠವನ್ನು ಹುಡುಗ ಆ ರಾತ್ರಿ ಮತ್ತೊಮ್ಮೆ ಓದಿದ, ಯಾರೂ ಹೇಳದೆ.

ಮಗ ಪುಕ್ಕಟೆಯದನ್ನೇ ಆರಿಸಿದನೆಂದು ಕೇಳಿ ಅಪ್ಪನಿಗೆ ಆಶ್ಚರ್ಯ. ಕಂಪ್ಯೂಟರಿಗೆ ನೇರವಾಗಿ ಸಿಕ್ಕಿಸುವ ಒಂದು ಮೈಕಿಗೆ 3,000 ರೂಪಾಯಿ ತೆಗೆದುಕೊಟ್ಟ. ‘ಪರೀಕ್ಷಾ ಮುಗಿಯೂತನಕ ಇನ್ನೇನೂ ಕೇಳಬ್ಯಾಡ’ ಎಂಬ ಷರತ್ತಿನ ಮೇಲೆ.

ಮೈಕು ಬಂತು, ಆದರೆ ತಿಕೋಟಾದ ಮನೆಯಲ್ಲಿ ಹಾಡಿದರೆ ತಗಡಿನ ಮಾಡು ಗಣಗಣ ಎನ್ನುತ್ತಿತ್ತು. ತೋಟದ ಮೋಟಾರಿನ ಗುಂಯ್ ಸದ್ದು ಬೇರೆ. ಮಾವ ನಕ್ಕು ಗೋಲಗುಮ್ಮಟದ ನೆನಪು ಮಾಡಿಕೊಟ್ಟ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಒಂದು ಬದಿ ಪಿಸುಗುಟ್ಟಿದರೆ ಎದುರು ಬದಿಗೆ ಕೇಳುತ್ತದೆ, ಒಮ್ಮೆ ಚಪ್ಪಾಳೆ ತಟ್ಟಿದರೆ ಹಲವು ಸಲ ಮರಳಿ ಬರುತ್ತದೆ. ಎಲ್ಲರೂ ಕೂಗಿ ನೋಡಿ ಖುಷಿಪಡುತ್ತಾರೆ. ಆದರೆ ಅಲ್ಲಿ ಯಾರ ಮಾತೂ ಸ್ಪಷ್ಟವಾಗಿ ತಿಳಿಯದು. ಒಣ ದನಿಗೆ ಗುಮ್ಮಟದ ಪ್ರತಿಧ್ವನಿಯನ್ನು ಆಮೇಲೆ ತಂತ್ರಾಂಶದಿಂದ ಕೂಡಿಸಬಹುದು. ಒಮ್ಮೆ ದನಿಯೊಳಗೆ ಬೆರೆತ ಪ್ರತಿಧ್ವನಿಯನ್ನು ಪೂರ್ತಿ ಕಳೆಯುವುದು ಕಷ್ಟ. ಹಾಲಿಗೆ ನೀರು ಬೆರೆಸಿದಂತೆ.

ಮದ್ದು ಮನೆಯಲ್ಲೇ ಇತ್ತು. ಬಬಲೇಶ್ವರದ ಆಯಿಯ ಕೋಣೆಯಲ್ಲಿ ಎರಡು ಗೋಡೆಗೆ ಒಟ್ಟಿದ ಜೋಳದ ಚೀಲಗಳು. ಉಳಿದೆರಡು ಗೋಡೆಗೆ ಹಗ್ಗ ಕಟ್ಟಿ ಆಯಿಯೇ ಹೊಲಿದ ದಪ್ಪ ಕೌದಿಗಳನ್ನು ಇಳಿಬಿಟ್ಟರು. ಸದ್ದು ಬಟ್ಟೆಯ ಪದರಗಳಲ್ಲಿ ಸಿಕ್ಕಿ ಅಲ್ಲೇ ಅಡಗಿತು. ಮಾವ ಇನ್ನೊಂದು ಪಾಠ ಹೇಳಿದ: ಹಾಡು ಶುರುವಾಗುವ ಮೊದಲು ಹತ್ತು ಸೆಕೆಂಡು ಸುಮ್ಮನೆ ಕೋಣೆಯ ಮೌನವನ್ನು ಮುದ್ರಿಸು. ಅಡಾಸಿಟಿಗೆ ಆ ತುಣುಕನ್ನು ತೋರಿಸಿದರೆ ಅಂಥ ಗುಂಯ್ ಸದ್ದನ್ನು ಹಾಡಿನಿಂದ ತಗ್ಗಿಸುತ್ತದೆ.

‘ಯುಗಾದಿಗೆ ಹಾಡಿದ್ನೆಲ್ಲೋ ಯಪ್ಪಾ, ಮತ್ಯಾಕ?’ ಎಂದಳು ಆಯಿ. ಹಾಡು ಕಳೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬೀಸುಕಲ್ಲಿನ ಗರಗರ ಬೇಡವೆಂದು ಹುಡುಗ ಅವಳನ್ನು ಸುಮ್ಮನೆ ಕೂರಿಸಿ ಹಾಡಲು ಕೇಳಿದ. ಎರಡು ನುಡಿಗೆ ನಿಂತುಹೋದಳು. ಕಲ್ಲಿನ ಗೂಟ ಕೈಗೆ ಬಂದಾಗಲೇ ಮೂರನೆಯ ನುಡಿ ಬಾಯಿಗೆ ಬಂತು. ಆ ಹಾಡು ನೆನಪಿನಲ್ಲಿ ಇದ್ದದ್ದಲ್ಲ, ತೋಳಿನಲ್ಲಿ ಇದ್ದದ್ದು. ಸರಿ, ಮೈಕು ಆಯಿಯ ಬಾಯಿಯ ಬಳಿ, ಮೊಬೈಲು ಕಲ್ಲಿನ ಬಳಿ. ಎರಡೂ ಮುದ್ರಣವನ್ನು ಆಮೇಲೆ ಸರಿಹೊಂದಿಸಲು ಆರಂಭದಲ್ಲಿ ಮಾವ ಒಂದು ಚಪ್ಪಾಳೆ ತಟ್ಟಿದ.

ಯುಗಾದಿಗೆ ಹಾಡಿದ್ದು ಪೂರ್ತಿ ಪದ. ಈಗ ಬಂದದ್ದು ಅರ್ಧ. ‘ಮುಂದಿಂದು ಹೋತು’ ಎಂದು ಆಯಿ ಹಿಟ್ಟು ಬಳಿಯತೊಡಗಿದಳು. ನಡುವೆ ಕಳೆದದ್ದು ಎಂಟು ತಿಂಗಳು.

ಇದೇ ಜಿಲ್ಲೆಯ ಹಲಸಂಗಿಯ ಗೆಳೆಯರು ಇಂಥ ಹೆಂಗಸರ ಬಾಯಿಂದ ಪದಗಳನ್ನು ಕೇಳಿ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದರು. ಮಧುರಚೆನ್ನರ ಬಳಿ, ಸಿಂಪಿ ಲಿಂಗಣ್ಣನವರ ಬಳಿ ಯಾವ ಯಂತ್ರವೂ ಇರಲಿಲ್ಲ. ಇದ್ದದ್ದು ಕಾಗದ, ಕಿವಿ ಮತ್ತು ನಾಳೆಗೆ ತಡವಾದೀತೆಂಬ ಎಚ್ಚರ. ಯಾವ ಲೇಖನಿ ಒಳ್ಳೆಯದೆಂದು ಅವರು ಮೂರು ತಿಂಗಳು ಪಟ್ಟಿ ಮಾಡಿದ್ದರೆ ಕನ್ನಡಕ್ಕೆ ಆ ಪುಸ್ತಕ ಸಿಗುತ್ತಿತ್ತೇ?

ಹುಡುಗ ಅರ್ಧ ಹಾಡನ್ನು ಎಲ್ಲ ತಂತ್ರಾಂಶಗಳೂ ತೆರೆಯಬಲ್ಲ ಡಬ್ಲ್ಯುಎವಿ ಕಡತವಾಗಿ ಉಳಿಸಿದ. ಒಂದು ಪ್ರತಿ ಲ್ಯಾಪ್‌ಟಾಪಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಬಬಲೇಶ್ವರದಲ್ಲಿ ಮಾವನ ಮನೆಯಲ್ಲಿ. ನಂತರ ತಿಕೋಟಾದಲ್ಲಿ ಅವ್ವನಿಗೆ ಕೇಳಿಸಿದ. ಮೊದಲು ಕೋಣೆಯ ಮೌನ, ಆಯಿಯ ಬಳೆಯ ಸಣ್ಣ ಸದ್ದು, ಚಪ್ಪಾಳೆ, ಆಮೇಲೆ ಕಲ್ಲು, ದನಿ. ಹಾಡು ನಿಂತ ಕಡೆ ಅವ್ವ ತಲೆ ಎತ್ತದೆಯೇ ಮುಂದಿನ ನುಡಿಯನ್ನು ಮೆಲ್ಲಗೆ ಹೇಳಿದಳು. ಆಮೇಲೆ ಇನ್ನೊಂದು. ಸಣ್ಣವಳಿದ್ದಾಗ ಅವ್ವನ ಎದುರು ಕುಳಿತು ಬೀಸಿದವಳು ಅವಳು. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಅವಳು ಹಾಡಿದ್ದನ್ನು ಯಾರೂ ಕೇಳಿರಲಿಲ್ಲ.

ಹುಡುಗ ಓಡಿಹೋಗಿ ಗೋಡೆಗೆ ಕೌದಿ ಕಟ್ಟಿದ, ಮೈಕು ಇಟ್ಟ. ಅವಳಿಗೆ ನೆನಪಾದದ್ದು ನಾಲ್ಕು ನುಡಿ. ಉಳಿದದ್ದು ಯಾರಿಗೂ ಗೊತ್ತಿಲ್ಲ. ಆದರೆ ಅವಳು ಹಾಡಲು ಬಾಯಿ ತೆರೆದಾಗ ತೋಟದ ಮೋಟಾರು ಗುಂಯ್ ಎನ್ನುತ್ತಲೇ ಇತ್ತು. ತ್ರೀಫೇಸ್ ಕರೆಂಟು ಇರುವುದೇ ಕೆಲವು ತಾಸು. ಆ ಹೊತ್ತಿನಲ್ಲಿ ಬಳ್ಳಿಗೆ ನೀರು ನಿಲ್ಲಿಸುವ ರೈತ ಯಾರಿದ್ದಾನೆ?

ಬಾಗಿಲಲ್ಲಿ ನಿಂತಿದ್ದ ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಮೋಟಾರು ನಿಂತಿತು.