ವೈಟ್‌ಫೀಲ್ಡ್ ಎಂದರೆ ಯಾವ ವೈಟ್‌ಫೀಲ್ಡ್?

ಹುಬ್ಬಳ್ಳಿಯಿಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಭಾನುವಾರ ಬೆಳಿಗ್ಗೆ ಬೆಂಗಳೂರಿನಲ್ಲಿ ಇಳಿದಾಗ ಮಗಳ ಕೈಯಲ್ಲಿ ಸೂಟ್‌ಕೇಸು, ನನ್ನ ಕೈಯಲ್ಲಿ ರೊಟ್ಟಿಯ ಗಂಟು. ಮರುದಿನ ಆಕೆ ಮೊದಲ ನೌಕರಿಗೆ ಹಾಜರಾಗಬೇಕು. ಕಂಪೆನಿಯ ಪತ್ರದಲ್ಲಿದ್ದ ವಿಳಾಸ ‘ವೈಟ್‌ಫೀಲ್ಡ್’. ಮೆಟ್ರೊ ನೇರಳೆ ಮಾರ್ಗದ ಕೊನೆಯ ನಿಲ್ದಾಣದ ಹೆಸರೂ ಅದೇ. ಇದಕ್ಕಿಂತ ಸುಲಭ ಇನ್ನೇನಿದೆ ಎಂದುಕೊಂಡು ಮೆಜೆಸ್ಟಿಕ್‌ನಲ್ಲಿ ಹತ್ತಿ ತುದಿಯವರೆಗೆ ಹೋದೆವು.

ಆಟೊದವರಿಗೆ ಪತ್ರ ತೋರಿಸಿದರೆ ಅವರು ನಕ್ಕರು. ‘ಮೂರು ಸ್ಟೇಷನ್ ದಾಟಿ ಬಂದ್ಬಿಟ್ಟಿದ್ದೀರಲ್ಲ ಸಾರ್. ಪಟ್ಟಂದೂರು ಅಗ್ರಹಾರದಲ್ಲಿ ಇಳೀಬೇಕಿತ್ತು. ಇದು ಕಾಡುಗೋಡಿ.’

‘ಅಪ್ಪಾ, ಹಂಗಾದ್ರ ವೈಟ್‌ಫೀಲ್ಡ್ ಎಲ್ಲೈತಿ?’ ಎಂದಳು ಮಗಳು. ಹೇಗೂ ದಾರಿ ತಪ್ಪಿದ್ದೇವೆ, ಅದನ್ನೇ ನೋಡಿಬಿಡೋಣ ಎಂದು ಅದೇ ಆಟೊದಲ್ಲಿ ಹೊರಟೆವು.

ಮೂಲ ವೈಟ್‌ಫೀಲ್ಡ್ ಇರುವುದು ಇನ್ನರ್ ಸರ್ಕಲ್ ಎಂಬಲ್ಲಿ. ದುಂಡಗಿನ ರಸ್ತೆ, ದೊಡ್ಡ ಮರಗಳು, ಅಲ್ಲೊಂದು ಇಲ್ಲೊಂದು ಉಳಿದಿರುವ ಹೆಂಚಿನ ಹಳೆಯ ಮನೆ. 1882ರಲ್ಲಿ ಮೈಸೂರಿನ ಚಾಮರಾಜ ಒಡೆಯರು ಆಂಗ್ಲೋ ಇಂಡಿಯನ್ ಜನರ ಸಂಘವೊಂದಕ್ಕೆ 3,900 ಎಕರೆ ಕೊಟ್ಟರು. ಬೇಸಾಯ ಮಾಡಿಕೊಂಡು ಬದುಕಲೆಂದು ಕಟ್ಟಿದ ಈ ಊರಿಗೆ ಸಂಘದ ಮುಖಂಡ ಡಿ.ಎಸ್. ವೈಟ್ ಅವರ ಹೆಸರು ಬಂತು. ಬಿಳಿ ಹೊಲಕ್ಕೂ ಇದಕ್ಕೂ ಸಂಬಂಧವಿಲ್ಲ! ಅಂದರೆ ಇಲ್ಲಿಗೆ ಹೊಸಬರಾಗಿ ಬಂದವರಲ್ಲಿ ನಾವು ಮೊದಲಿಗರೇನೂ ಅಲ್ಲ.

ಪಟ್ಟಂದೂರು ಮಾತ್ರ ಇದಕ್ಕಿಂತ ಎಷ್ಟೋ ಹಳೆಯದು. ಅಲ್ಲಿ ಕೆರೆ ಕಟ್ಟಿಸಿದ ಸಂಗತಿಯನ್ನು ಹೇಳುವ ಚೋಳರ ಕಾಲದ, 1043ರ ತಮಿಳು ಶಾಸನವಿದೆ. ಕರ್ನಾಟಕ ಸರಕಾರ, ಟಾಟಾ ಮತ್ತು ಸಿಂಗಪುರದವರು ಸೇರಿ ಯೋಜಿಸಿದ ಟೆಕ್ನಾಲಜಿ ಪಾರ್ಕ್ 1998ರಲ್ಲಿ ಅದೇ ಸೀಮೆಯಲ್ಲಿ ಆರಂಭವಾಯಿತು. ಆಮೇಲೆ ಸುತ್ತಲಿನ ಹಳ್ಳಿಗಳೆಲ್ಲ ಹೊರಗಿನವರ ಬಾಯಲ್ಲಿ ವೈಟ್‌ಫೀಲ್ಡ್ ಆಗಿಬಿಟ್ಟವು. ನಮ್ಮ ಪತ್ರದ ವಿಳಾಸವೂ ಹಾಗೆಯೇ ಹುಟ್ಟಿದ್ದು.

ಮಧ್ಯಾಹ್ನ ಬಾಡಿಗೆ ಕೋಣೆ ಹುಡುಕುವ ಕೆಲಸ. ಹುಡುಗಿಯರ ಪಿ.ಜಿ.ಗಳಿಗೇನೂ ಬರವಿಲ್ಲ. ಒಂದು ಕಡೆ ಎರಡು ತಿಂಗಳ ಮುಂಗಡ ಕೇಳಿದರು, ರಸೀತಿ ಕೊಡಲು ಒಪ್ಪಲಿಲ್ಲ. ಎದ್ದು ಬಂದೆವು. ಇನ್ನೊಂದು ಅಗ್ಗವಾಗಿತ್ತು, ಊಟವೂ ಚೆನ್ನಾಗಿತ್ತು. ನಾನು ಹಣ ಎಣಿಸುವುದರಲ್ಲಿದ್ದೆ. ಆಗ ಮಗಳು, ‘ಕತ್ತಲಾದ ಮ್ಯಾಲೆ ಒಮ್ಮೆ ನಡದು ನೋಡೂಣಪ್ಪಾ’ ಎಂದಳು. ಆ ಬುದ್ಧಿ ನನಗೆ ಹೊಳೆದಿರಲಿಲ್ಲ.

ರಾತ್ರಿ ಎಂಟಕ್ಕೆ ಆಫೀಸಿನ ಗೇಟಿನಿಂದ ಹೊರಟೆವು. ಆಕೆ ಮುಂದೆ ಒಬ್ಬಳೇ, ನಾನು ಇಪ್ಪತ್ತು ಹೆಜ್ಜೆ ಹಿಂದೆ. ದೊಡ್ಡ ರಸ್ತೆಯಲ್ಲಿ ಜನವೋ ಜನ. ಕಾಲುದಾರಿಯ ಕಲ್ಲುಚಪ್ಪಡಿ ಕೆಲವೆಡೆ ಬಾಯಿ ತೆರೆದಿತ್ತು. ಒಳಗಿನ ಓಣಿಗೆ ತಿರುಗಿದ್ದೇ ತಡ, ಬೀದಿದೀಪವಿಲ್ಲ. ಒಂದು ಕಡೆ ತಗಡಿನ ಬೇಲಿ, ಇನ್ನೊಂದು ಕಡೆ ಸಾಲಾಗಿ ನಿಂತ ನೀರಿನ ಟ್ಯಾಂಕರುಗಳು. ಟ್ಯಾಂಕರಿನ ಮರೆಗೆ ಹೋದ ಮಗಳು ಎರಡು ನಿಮಿಷ ನನಗೆ ಕಾಣಲಿಲ್ಲ. ಹುಬ್ಬಳ್ಳಿಗೆ ವಾಪಸು ಕರೆದುಕೊಂಡು ಹೋಗಲೇ ಎಂದು ಮನಸ್ಸು ಕೇಳಿದ್ದು ಆಗಲೇ. ಓಣಿಯ ತುದಿಯಲ್ಲಿ ನಿಂತಿದ್ದ ಆಕೆಯ ಮುಖವೂ ಬಿಳುಪೇರಿತ್ತು. ಇಬ್ಬರೂ ಆ ಮಾತು ಆಡಲಿಲ್ಲ. ಸಾವಿರ ರೂಪಾಯಿ ಹೆಚ್ಚು ಕೊಟ್ಟು ದೊಡ್ಡ ರಸ್ತೆಯ ಮೇಲೆಯೇ ಕೋಣೆ ಹಿಡಿದೆವು. ರಸೀತಿ ಸಮೇತ.

ಆಕೆಗೆ ಇದ್ದ ಇನ್ನೊಂದು ಅಳುಕು ಭಾಷೆಯದು. ನಮ್ಮ ಕಡೆಯ ಮಾತು ಕೇಳಿ ಇಲ್ಲಿಯವರು ನಗುತ್ತಾರೇನೋ ಎಂದು. ನಗುವುದಕ್ಕೆ ಯಾರಿಗೆ ಪುರುಸೊತ್ತು? ಕಾವಲುಗಾರ ಹಿಂದಿಯಲ್ಲಿ ಮಾತಾಡಿದ, ಹಣ್ಣಿನಾಕೆ ತೆಲುಗು ಬೆರೆತ ಕನ್ನಡದಲ್ಲಿ. ಕೋಣೆಯ ಜೊತೆಗಾತಿ ಬೀದರಿನ ಹುಡುಗಿ. ರೊಟ್ಟಿಯ ಗಂಟು ಆ ರಾತ್ರಿಯೇ ಖಾಲಿಯಾಯಿತು.

ಸೋಮವಾರ ಸಂಜೆ ಮಗಳು ಕೆಲಸ ಮುಗಿಸಿ, ನನ್ನನ್ನು ಕಳುಹಿಸಲು ಪಟ್ಟಂದೂರು ನಿಲ್ದಾಣಕ್ಕೆ ಬಂದಳು. ಕೊರಳಲ್ಲಿ ಕಂಪೆನಿಯ ಗುರುತಿನ ಚೀಟಿ. ಮೆಟ್ಟಿಲ ಬಳಿ ಚೀಲ ಹಿಡಿದುಕೊಂಡ ವಯಸ್ಸಾದ ದಂಪತಿ ಆಕೆಯನ್ನೇ ಕೇಳಿದರು: ‘ಏನಮ್ಮಾ, ವೈಟ್‌ಫೀಲ್ಡ್ ಇದೇನಾ?’

‘ಯಾವ ವೈಟ್‌ಫೀಲ್ಡ್‌ರೀ ಅಜ್ಜಾ? ವಿಳಾಸ ತೋರಸ್ರಿ ನೋಡೂಣು’ ಎಂದು ಆಕೆ ಕೈ ಚಾಚಿದಳು.