ನೀರುಗಂಟಿ ಇದ್ದ ಕಾಲದ ಕೆರೆ

ಏಪ್ರಿಲ್ ತಿಂಗಳ ಒಂದು ಸಂಜೆ ಬೆಂಗಳೂರಿನಿಂದ ಅಕ್ಕನ ಮೊಮ್ಮಗಳು ಫೋನು ಮಾಡಿದಳು. "ತಾತ, ನಾವು ಗೆಳತಿಯರು ಸೇರಿ ಒಂದು ದಿನ ಎಲ್ಲಾದ್ರೂ ಹೋಗಿ ಬರೋಣ ಅಂತಿದ್ದೀವಿ. ಮುಳ್ಳಯ್ಯನಗಿರಿ ಬೇಡ, ಅಲ್ಲಿ ಬರೀ ಕಾರಿನ ಜಾತ್ರೆ. ನಿಮ್ಮ ಕಡೆ ಯಾರೂ ಇಲ್ಲದ ಕೆರೆ ಯಾವುದಾದ್ರೂ ಇದ್ರೆ ಹೇಳು" ಅಂದಳು.

ಅಯ್ಯನಕೆರೆಯ ದಾರಿ ಹೇಳಿದೆ. ಕಡೂರಿನಿಂದ ಚಿಕ್ಕಮಗಳೂರಿನ ರಸ್ತೆ ಹಿಡಿದರೆ ಸಖರಾಯಪಟ್ಟಣ ಸಿಗುತ್ತದೆ. ಅಲ್ಲಿಂದ ಬೆಟ್ಟದ ಕಡೆ ತಿರುಗಿದರೆ ಶಕುನಗಿರಿಯ ಬುಡದಲ್ಲಿ ಕೆರೆ. ಭಾನುವಾರ ಬಿಟ್ಟು ಹೋಗಿ, ಬಿಸಿಲೇರುವ ಮೊದಲೇ ಏರಿಯ ಮೇಲಿರಿ, ನೀರಿಗೆ ಇಳಿಯಬೇಡಿ ಅಂದೆ. ಸೂಳೆಕೆರೆ, ತೊಣ್ಣೂರು ಕೆರೆ, ಹಿರೇಮಗಳೂರಿನ ಆಚೆಗಿನ ಸಣ್ಣಪುಟ್ಟ ಕೆರೆಗಳನ್ನೂ ಹೇಳಿದೆ. ಫೋನು ಇಟ್ಟ ಮೇಲೆ ಅವಳ ಮಾತು ಮಾತ್ರ ತಲೆಯೊಳಗೇ ಉಳಿಯಿತು. ಯಾರೂ ಇಲ್ಲದ ಕೆರೆಯನ್ನು ನನ್ನ ಹುಡುಗತನದಲ್ಲಿ ನಾನು ಕಂಡೇ ಇರಲಿಲ್ಲ. ಆಗಿನ ಬೇಸಿಗೆಯ ಕೆರೆ ಹೇಗಿರುತ್ತಿತ್ತು ಎಂದು ಅವಳಿಗೆ ಫೋನಿನಲ್ಲಿ ಹೇಳಲಾಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಅಯ್ಯನಕೆರೆಯಿಂದ ಕೆಳಗೆ, ಬಯಲು ಶುರುವಾಗುವ ಕಡೆ. ನಮಗೆ ನಮ್ಮದೇ ಒಂದು ಸಣ್ಣ ಕೆರೆ ಇತ್ತು. ದೊಡ್ಡ ಕೆರೆಯನ್ನು ಸಖರಾಯಪಟ್ಟಣ ಆಳಿದ ರುಕ್ಮಾಂಗದರಾಯ ಕಟ್ಟಿಸಿದ ಎನ್ನುತ್ತಾರೆ. ಹೊಯ್ಸಳರ ಕಾಲದಲ್ಲಿ, 1156ರಲ್ಲಿ, ಜೀರ್ಣೋದ್ಧಾರವಾಯಿತೆಂದೂ ಹೇಳುತ್ತಾರೆ. ನಮ್ಮ ಸಣ್ಣ ಕೆರೆಗೆ ರಾಜನೂ ಇಲ್ಲ, ಶಾಸನವೂ ಇಲ್ಲ. ಅದಕ್ಕೆ ಇದ್ದವನು ನೀರುಗಂಟಿ, ಅಂದರೆ ಕೆರೆ ಕಾದು ಗದ್ದೆಗಳಿಗೆ ನೀರು ಹಂಚುವ ತೂಬಿನಜ್ಜ.

ಅವನ ನಿಜವಾದ ಹೆಸರು ಹಿರಿಯರಿಗಷ್ಟೇ ಗೊತ್ತಿತ್ತು. ಹುಡುಗರಿಗೆಲ್ಲ ಅವನು ತೂಬಿನಜ್ಜ. ಒಣಗಿದ ಕೊರಡಿನಂಥ ಮೈ, ಮೊಣಕಾಲ ಮೇಲಿನ ಪಂಚೆ, ಹೆಗಲ ಮೇಲೆ ಸನಿಕೆ. ಊರಿನಲ್ಲಿ ಎಲ್ಲರಿಗಿಂತ ಮೊದಲು ಏಳುತ್ತಿದ್ದ. ಏರಿಯ ಈ ತುದಿಯಿಂದ ಕೋಡಿಯವರೆಗೆ ನಡೆದು, ಎಲ್ಲಿ ಇಲಿಬಿಲ ಆಗಿದೆ, ಎಲ್ಲಿ ಹುತ್ತ ಎದ್ದಿದೆ, ಎಲ್ಲಿ ಮರದ ಬೇರು ಮಣ್ಣು ಸೀಳುತ್ತಿದೆ ಎಂದು ನೋಡುತ್ತಿದ್ದ. ಏರಿಯ ಹಿಂಬದಿಯಲ್ಲಿ ತೇವ ಕಂಡರೆ ಬರಿಗಾಲಿನಲ್ಲಿ ಮೆಟ್ಟಿ ನಿಂತು ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದ. ಜಿನುಗುವ ನೀರು ತಿಳಿಯಾಗಿದ್ದರೆ ಭಯವಿಲ್ಲ, ಕದಡಿದ್ದರೆ ಒಳಗೆ ಮಣ್ಣು ಕೊಚ್ಚಿ ಬರುತ್ತಿದೆ ಎಂದೇ ಅರ್ಥ. ಅಂಥ ದಿನ ಊರಿನ ಗಂಡಾಳುಗಳೆಲ್ಲ ಬುಟ್ಟಿ ಹಿಡಿದು ಬರಲೇಬೇಕಿತ್ತು.

ನಮ್ಮ ಕೆರೆಯದು ಹಳೆಯ ಕಾಲದ ಕಲ್ಲಿನ ತೂಬು. ಏರಿಯಿಂದ ಕೊಂಚ ಒಳಗೆ, ನೀರಿನಲ್ಲಿ, ಎರಡು ಕಲ್ಲುಕಂಬ. ಅಡಿಯಲ್ಲಿ ಚಪ್ಪಡಿಗೆ ಕೊರೆದ ರಂಧ್ರ, ಅದಕ್ಕೆ ಮರದ ಬಿರಡೆ. ನೀರು ಬಿಡುವ ದಿನ ಅಜ್ಜ ಗಂಗಮ್ಮನ ಕಲ್ಲಿಗೆ ಅರಿಶಿನ ಹಚ್ಚಿ ಕೈಮುಗಿದು, ಕಂಬ ಹಿಡಿದು ಮುಳುಗುತ್ತಿದ್ದ. ನಾವು ಏರಿಯ ಮೇಲೆ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ನಮ್ಮ ಉಸಿರು ಕಟ್ಟಿ ಸಾಕಾಗಿ ಬಿಟ್ಟ ಮೇಲೂ ಅವನು ಮೇಲೆ ಬರುತ್ತಿರಲಿಲ್ಲ. ಆಮೇಲೆ ಏರಿಯ ಆಚೆಗೆ, ಕಾಲುವೆಯ ಬಾಯಿಯಲ್ಲಿ, ಗುಳಗುಳ ಸದ್ದು. ಓಡಿ ಹೋಗಿ ಆ ಕಡೆ ನೋಡುವಷ್ಟರಲ್ಲಿ ನೀರು ಬಂದಿರುತ್ತಿತ್ತು.

ಆ ಮೊದಲ ನೀರಿನ ವಾಸನೆ ನನಗೆ ಇವತ್ತಿಗೂ ಮೂಗಿಗೆ ಬರುತ್ತದೆ. ಕೆರೆಯ ತಳದಲ್ಲಿ ತಿಂಗಳುಗಟ್ಟಲೆ ಬಿಸಿಲು ಕಾಣದೆ ಕೂತ ನೀರು. ಕೊಳೆತ ಹೊಂಗೆ ಎಲೆ, ಪಾಚಿ, ಮೀನು, ಕಪ್ಪು ಗೋಡು, ತಣ್ಣನೆಯ ಕಲ್ಲು ಎಲ್ಲದರ ವಾಸನೆಯೂ ಅದರಲ್ಲಿತ್ತು. ಮೇಲೆ ಬಂದ ಅಜ್ಜನ ಮೈಯಲ್ಲೂ ಅದೇ ವಾಸನೆ. ಹೆಂಗಸರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನನ್ನ ಅಪ್ಪ ಮಾತ್ರ ಗದ್ದೆಯ ಬದುವಿನ ಮೇಲೆ ನಿಂತು ಅದನ್ನು ಎದೆ ತುಂಬ ಎಳೆದುಕೊಳ್ಳುತ್ತಿದ್ದರು. ಅವರ ಮಟ್ಟಿಗೆ ಅದು ಅನ್ನದ ವಾಸನೆ.

ಬೇಸಿಗೆಯಲ್ಲಿ ಕೆರೆಗೆ ಬಿಡುವಿರುತ್ತಿರಲಿಲ್ಲ. ನೀರು ಹಿಂದಕ್ಕೆ ಸರಿದಂತೆ ಅಂಗಳಕ್ಕೆ ಗಾಡಿಗಳು ಇಳಿಯುತ್ತಿದ್ದವು. ಗೋಡು ಅಗೆದು ಹೊಲಗದ್ದೆಗೆ ಹೊಡೆಯುವ ಕಾಲ ಅದು. ಗೊಬ್ಬರಕ್ಕೆ ದುಡ್ಡು ಕೊಡುವ ಮಾತೇ ಇರಲಿಲ್ಲ. ಕೆರೆಯ ಹೂಳೂ ಖಾಲಿಯಾಗುತ್ತಿತ್ತು, ಹೊಲಕ್ಕೂ ಸತ್ವ ಸಿಗುತ್ತಿತ್ತು. ಅಗಸರ ಬಂಡೆಯ ಮೇಲೆ ಬಟ್ಟೆ ಒಗೆಯುವ ಸದ್ದು, ಎಮ್ಮೆಗಳ ಜೊತೆ ಹುಡುಗರು, ಕೂಳಿ ಹಿಡಿದು ಮೊಣಕಾಲುದ್ದದ ನೀರಿನಲ್ಲಿ ಕೊರವನ ಮೀನಿಗೆ ಕಾಯುವವರು. ಎಷ್ಟು ಅಗೆಯಬೇಕು, ಎಲ್ಲಿ ಅಗೆಯಬಾರದು ಎಂದು ಹೇಳುವವನು ಅಜ್ಜನೇ. ಏರಿಯ ಬುಡದಲ್ಲಿ ಯಾರಾದರೂ ಗುದ್ದಲಿ ಹಾಕಿದರೆ ಅವನ ಕೂಗು ಊರಬಾಗಿಲಿಗೆ ಕೇಳುತ್ತಿತ್ತು.

ಅರವತ್ತೈದು–ಅರವತ್ತಾರರ ಬರದ ಬೇಸಿಗೆ ನನಗೆ ಸ್ಪಷ್ಟವಾಗಿ ನೆನಪಿದೆ. ಯಾರ ದಫ್ತರದಲ್ಲಿ ಏನು ಬರೆದಿದೆಯೋ, ನಾನು ಕಂಡದ್ದು ಇದು. ಕೆರೆ ಅರ್ಧವೂ ತುಂಬಿರಲಿಲ್ಲ. ಊರೆಲ್ಲ ಏರಿಯ ಮೇಲೆ ಗಂಗಮ್ಮನ ಕಲ್ಲಿನ ಹತ್ತಿರ ಸೇರಿತು. ನೀರನ್ನು ಅಳೆಯುತ್ತಿದ್ದದ್ದು ಏರಿಯ ಕಲ್ಲಿನ ಮೆಟ್ಟಿಲಿನ ಲೆಕ್ಕದಲ್ಲಿ. ಅಜ್ಜ ಕೆಳಗಿಳಿದು ಕೋಲು ಹಾಕಿ ಬಂದು, ಎಲ್ಲರಿಂದ ದೂರ, ಯಾವತ್ತೂ ನಿಲ್ಲುವ ಜಾಗದಲ್ಲೇ ನಿಂತ.

"ಮೂರು ಮೆಟ್ಲು ಐತೆ ಬುದ್ಧಿ. ಅರ್ಧ ಮೆಟ್ಲು ದನಕರಕ್ಕೆ. ಅರ್ಧ ಮೆಟ್ಲು ಗಂಗಮ್ಮಂಗೆ, ಮೀನಿಗೆ. ಎರಡು ಮೆಟ್ಲು ನಿಮ್ದು."

ತಲೆಗದ್ದೆಯ ದೊಡ್ಡ ಗೌಡರು ಎದ್ದರು. ಎರಡು ಮೆಟ್ಟಿಲು ತಮ್ಮ ಗದ್ದೆಗೇ ಸಾಕಾಗುವುದಿಲ್ಲ, ಮೊದಲು ತಲೆಗದ್ದೆ ಬೆಳೆಯಲಿ, ಉಳಿದರೆ ಕೆಳಗಿನವರು ನೋಡಿಕೊಳ್ಳಲಿ ಅಂದರು. ಕೊನೇ ಗದ್ದೆಯವರು ಬೈದಾಡಿದರು. ಮಾತು ಗುದ್ದಲಿಯ ಕಾವಿನವರೆಗೂ ಹೋಯಿತು. ಅಜ್ಜ ಸುಮ್ಮನೆ ಕೇಳಿಸಿಕೊಂಡು ಕೊನೆಗೆ ಹೇಳಿದ: "ಎಲ್ರೂ ನಾಲ್ಕರಾಗೆ ಒಂದು ಪಾಲು ನಾಟಿ ಮಾಡಿ. ಮ್ಯಾಗಿನೋರೂ ಒಂದು ಪಾಲು, ಕೆಳಗಿನೋರೂ ಒಂದು ಪಾಲು. ನೀರು ಕೆಳಗ್ಲಿಂದ ಹತ್ತಿ ಬರ್ಲಿ. ಕೊನೇ ಗದ್ದೆ ನೆಂದ ಮ್ಯಾಕೆ ತಲೆಗದ್ದೆ. ಒಪ್ಪಿದ್ರೆ ಬಿರಡೆ ಎತ್ತೀನಿ, ಇಲ್ದಿದ್ರೆ ನೀವೇ ಮುಳುಗ್ರಿ."

ಅರ್ಧ ಪಾಲು ಎಂದು ಗೌಡರು ಹಿಡಿದರು, ಮೂರರಲ್ಲಿ ಒಂದು ಎಂದು ಇಳಿದರು. ಅಜ್ಜ ನಾಲ್ಕರಲ್ಲಿ ಒಂದಕ್ಕಿಂತ ಮೇಲೆ ಬರಲಿಲ್ಲ. ಹೊತ್ತು ಮುಳುಗುವ ಹೊತ್ತಿಗೆ ಗೌಡರು ಟವೆಲು ಕೊಡವಿ ಆಯ್ತಪ್ಪ ಅಂದರು. ಆ ವರ್ಷ ಯಾರ ಮನೆಯ ಕಣಜವೂ ತುಂಬಲಿಲ್ಲ, ಯಾರ ಮನೆಯಲ್ಲೂ ಒಲೆ ಆರಲಿಲ್ಲ. ರಾತ್ರಿ ಕಳ್ಳತನದಲ್ಲಿ ಮಡೆ ಒಡೆಯುವವರಿಗಾಗಿ ಅಜ್ಜ ಕಾಲುವೆಯ ಮೇಲೇ ಮಲಗಿದ. ಅವನ ಪಕ್ಕದಲ್ಲಿ ಒಂದು ಲಾಟೀನು, ಒಂದು ನಾಯಿ.

ಇಷ್ಟು ಬರೆದು ನಿಲ್ಲಿಸಿದರೆ ಸುಳ್ಳು ಬರೆದಂತಾಗುತ್ತದೆ. ಊರಿನ ಪ್ರತಿ ಗದ್ದೆಗೂ ನೀರು ಹಂಚಿದ ಆ ಮನುಷ್ಯ ಊರೊಳಗಿನ ಬಾವಿಯಲ್ಲಿ ನೀರು ಸೇದುವಂತಿರಲಿಲ್ಲ. ಅವನು ಹೊಲಗೇರಿಯವನು. ನಮ್ಮ ಮನೆಗೆ ಬಂದರೆ ಜಗುಲಿಯ ಕೆಳಗೆ ನಿಲ್ಲಬೇಕು, ಅಮ್ಮ ಮೇಲಿನಿಂದ ಬೊಗಸೆಗೆ ನೀರು ಹೊಯ್ಯಬೇಕು. ಕಣದಲ್ಲಿ ಭತ್ತ ಅಳೆದ ಮೇಲೆ ಅವನಿಗೆ ಬರುವ ಆಯವನ್ನು ನೆಲದ ಮೇಲೆ ಸುರಿದು ಕೊಡುತ್ತಿದ್ದರು. ಹಳೆಯ ಕಾಲ ಚೆನ್ನಾಗಿತ್ತು ಎನ್ನುವ ನನ್ನ ವಾರಿಗೆಯವರಿಗೆ ನಾನು ಇದನ್ನು ನೆನಪಿಸುತ್ತೇನೆ. ಕೆರೆ ಚೆನ್ನಾಗಿತ್ತು. ಕೆರೆ ಕಾದವನನ್ನು ನಾವು ಚೆನ್ನಾಗಿ ನೋಡಿಕೊಳ್ಳಲಿಲ್ಲ.

ಈ ಅನ್ಯಾಯ ನಮ್ಮ ಸೀಮೆಯಲ್ಲಿ ಹಳೆಯದು. ಅಯ್ಯನಕೆರೆಯ ನೀರುಗಂಟಿ ಹೊನ್ನಬಿಲ್ಲನ ಕಥೆ ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತಿತ್ತು. ಒಂದು ಮಳೆಗಾಲ ಕೆರೆ ಉಕ್ಕಿ, ಗಂಗಮ್ಮ ಅವನ ಕಣ್ಣಿಗೆ ಕಂಡು, ಏರಿ ಒಡೆದು ಹೋಗುತ್ತೇನೆ ಅಂದಳಂತೆ. ರಾಜನಿಗೆ ತಿಳಿಸಿ ಬರುತ್ತೇನೆ, ನಾನು ವಾಪಸು ಬರುವವರೆಗೆ ತಡೆ ತಾಯಿ ಎಂದು ಮಾತು ತೆಗೆದುಕೊಂಡು ಅವನು ಸಖರಾಯಪಟ್ಟಣಕ್ಕೆ ಓಡಿದ. ರಾಜ ಕೇಳಿದ, ಯೋಚಿಸಿದ. ಇವನು ವಾಪಸು ಹೋಗದಿದ್ದರೆ ಗಂಗಮ್ಮ ಎಂದಿಗೂ ಒಡೆಯುವಂತಿಲ್ಲ. ಅಲ್ಲೇ ಅವನನ್ನು ಕೊಲ್ಲಿಸಿದ. ಏರಿ ಉಳಿಯಿತು. ಕಥೆ ಹೇಳುವ ಹಿರಿಯರು ರಾಜನ ಬುದ್ಧಿವಂತಿಕೆಗೆ ತಲೆದೂಗುತ್ತಿದ್ದರು. ತೂಬಿನಜ್ಜ ಒಮ್ಮೆ ಈ ಕಥೆ ಕೇಳುತ್ತ ಕೂತಿದ್ದವನು, "ಅವನ ಹೆಂಡ್ರು ಮಕ್ಳು ಏನಾದ್ರಂತೆ ಬುದ್ಧಿ?" ಎಂದು ಕೇಳಿದ. ಯಾರಿಗೂ ಗೊತ್ತಿರಲಿಲ್ಲ. ಕಥೆಯಲ್ಲಿ ಅದು ಇರಲಿಲ್ಲ.

1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಜಾರಿಗೆ ಬಂದಾಗ ಪಟೇಲ, ಶಾನುಭೋಗರ ಜೊತೆಗೆ ವಂಶಪಾರಂಪರ್ಯದ ನೀರುಗಂಟಿಕೆಯೂ ಹೋಯಿತು. ಹುಟ್ಟಿನಿಂದ ಬಂದ ಚಾಕರಿ ಹೋಗಲೇಬೇಕಿತ್ತು. ಅದಕ್ಕೆ ನಾನು ಅಳುವುದಿಲ್ಲ. ಅದರ ಬದಲಿಗೆ ಕೆರೆಗೆ ಸಂಬಳದ, ಗೌರವದ ಒಬ್ಬ ಮನುಷ್ಯ ಬರಬೇಕಿತ್ತು. ಬರಲಿಲ್ಲ. ನಮ್ಮೂರು ಕೆಲವು ವರ್ಷ ರೂಢಿಯ ಮೇಲೆ ಅಜ್ಜನಿಗೆ ಆಯ ಕೊಟ್ಟು ನಡೆಸಿತು. ಅಜ್ಜ ಹೋದ ಮೇಲೆ ಅವನ ಮಗ ಭದ್ರಾವತಿಗೆ ಕೂಲಿಗೆ ಹೋದ, ಮೊಮ್ಮಗ ಓದಿ ಮೇಷ್ಟ್ರಾದ. ಒಳ್ಳೆಯದಾಯಿತು. ಬಿರಡೆ ಎತ್ತಲು ಮುಳುಗುವವರು ಊರಿನಲ್ಲಿ ಇಲ್ಲವಾದರು. ಕಬ್ಬಿಣದ ಗೇಟು ಬಂತು, ಅದರ ತಿರುಪಿನ ಚಕ್ರವನ್ನು ಯಾರೋ ಗುಜರಿಗೆ ಮಾರಿಕೊಂಡರು. ಅಷ್ಟರಲ್ಲಿ ಬೋರ್‌ವೆಲ್ ಬಂದಿತ್ತು. ತಲೆಗದ್ದೆಯವರು ಕೊಳವೆ ಹಾಕಿ ಅಡಿಕೆ ಇಟ್ಟರು, ನೀರಿಗಾಗಿ ಯಾರನ್ನೂ ಕೇಳಬೇಕಾಗಲಿಲ್ಲ. ಕೊನೇ ಗದ್ದೆಯವರೂ ಸಾಲ ಮಾಡಿ ಕೊರೆಸಿದರು, ಹಲವರಿಗೆ ಬರೀ ದೂಳು ಸಿಕ್ಕಿತು. ಕೆರೆ ಯಾರಿಗೂ ಬೇಡವಾದಾಗ ಕಾಲುವೆ ಮುಚ್ಚಿತು, ಅಂಗಳಕ್ಕೆ ಬೇಲಿ ಬಿತ್ತು, ಜಾಲಿ ಬೆಳೆಯಿತು.

2022ರ ಸೆಪ್ಟೆಂಬರಿನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿ ಕೋಡಿ ಬಿದ್ದಾಗ ಟಿವಿಯಲ್ಲಿ ಜಾತ್ರೆಯಂತೆ ತೋರಿಸಿದರು. ಅದರೊಳಗೆ ನಮ್ಮ ಬೆಟ್ಟದಿಂದ ಅಯ್ಯನಕೆರೆ ದಾಟಿ, ವೇದಾವತಿಯಾಗಿ ಹರಿದು ಹೋದ ನೀರೂ ಇತ್ತು. ಅಷ್ಟು ಮಳೆ ಬಂದ ವರ್ಷದಲ್ಲೂ ನಮ್ಮ ಸಣ್ಣ ಕೆರೆಯಲ್ಲಿ ನಿಂತ ನೀರು ದೀಪಾವಳಿಯವರೆಗೆ ಉಳಿಯಲಿಲ್ಲ. ಒಡೆದ ಗೇಟಿನಲ್ಲಿ ಹಗಲೂ ರಾತ್ರಿ ಸೋರಿ ಹೋಯಿತು. ನಿಲ್ಲಿಸುವವರು ಇರಲಿಲ್ಲ.

ಅಯ್ಯನಕೆರೆ ದೊಡ್ಡದು, ಉಳಿದಿದೆ. ಈಗ ರಜೆಯ ದಿನ ಏರಿಯ ಮೇಲೆ ಕಾರು, ಬೈಕು. ಬಂದವರು ಶಕುನಗಿರಿಯನ್ನು ಬೆನ್ನಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುತ್ತಾರೆ, ಚೆಂದದ ಜಾಗ ಎನ್ನುತ್ತಾರೆ, ಹೋಗುವಾಗ ಏರಿಯ ಕಲ್ಲುಗಳ ಸಂದಿಯಲ್ಲಿ ಬಾಟಲಿ ಒಡೆದು ಹೋಗುತ್ತಾರೆ. ತೂಬು ಯಾವುದು, ಕೋಡಿ ಯಾವುದು, ಈ ನೀರು ಯಾರ ಗದ್ದೆಗೆ ಹೋಗುತ್ತದೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಅದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನ ದೊಡ್ಡ ಪಾಲು ನಮ್ಮ ಮೇಲೆಯೇ. ಊರವರೇ ಕೆರೆಗೆ ಬೆನ್ನು ಹಾಕಿದ ಮೇಲೆ ಪೇಟೆಯ ಮಕ್ಕಳಿಗೆ ಅದರ ಮರ್ಯಾದೆ ಯಾರು ಕಲಿಸಬೇಕು?

ಕರ್ನಾಟಕದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಬೇಸಿಗೆಯ ಒಂದು ದಿನ ಶಾಂತವಾಗಿ ಕೂರಲು ಜಾಗ ಹುಡುಕುವವರಿಗೆ ಕೊರತೆಯಿಲ್ಲ. ಹೋಗಲಿ, ಎಲ್ಲರೂ ಹೋಗಲಿ. ಸೂಳೆಕೆರೆಗೆ ಹೋದವರು ಬಸವನ ತೂಬು, ಸಿದ್ದನ ತೂಬು ಎಲ್ಲಿವೆ ಎಂದು ಕೇಳಿ ನೋಡಲಿ. ತೊಣ್ಣೂರಿಗೆ ಹೋದವರು ತಿಳಿನೀರು ನೋಡಿ ಅದನ್ನು ಹಾಗೆಯೇ ಬಿಟ್ಟು ಬರಲಿ. ಸರ್ಕಾರ ಏರಿಯ ಮೇಲೆ ಕಲ್ಲುಬೆಂಚು, ಬಣ್ಣದ ದೀಪ, ಸ್ವಾಗತ ಕಮಾನು ಹಾಕುವ ದುಡ್ಡಿನಲ್ಲಿ ಮೊದಲು ಪ್ರತಿ ಕೆರೆಗೂ ಒಬ್ಬ ನೀರುಗಂಟಿಯನ್ನು ನೇಮಿಸಲಿ. ಯಾವ ಜಾತಿಯವರಾದರೂ ಸರಿ, ಹೆಂಗಸಾದರೂ ಸರಿ, ಕೆಲಸ ಬಲ್ಲವರಾಗಿರಬೇಕು. ತಿಂಗಳು ತಿಂಗಳು ಸಂಬಳ ಕೈಗೆ ಬರಬೇಕು, ದೊಡ್ಡ ಗೌಡರಿಗೆ ಎದುರು ನಿಂತು ನಾಲ್ಕರಲ್ಲಿ ಒಂದು ಪಾಲು ಎನ್ನುವ ಅಧಿಕಾರ ಕಾಗದದ ಮೇಲೆ ಇರಬೇಕು. ತೂಬಿನಜ್ಜನಿಗೆ ಆ ಅಧಿಕಾರ ಬರೀ ಅವನ ಬಾಯಿಮಾತಿನ ಬಲದಿಂದ ಇತ್ತು, ಅದಕ್ಕೆ ಅವನು ಕೊಟ್ಟ ಬೆಲೆ ದೊಡ್ಡದು. ಇನ್ನೊಬ್ಬರು ಅದನ್ನು ಅದೇ ಬೆಲೆಗೆ ಮಾಡಲಿ ಎಂದು ಕೇಳುವ ಹಕ್ಕು ನಮಗಿಲ್ಲ.